ಲೋಟ ಮುಟ್ಟದ ಕಿರುಬೆರಳು

“ಆ ಡಬ್ಬಿ ಇತ್ಲಾಗೆ ಕೊಡು,” ಎಂದೆ.

ನೀಲಾಸ್ ಸಾರ್ರಿಯ ಬೆರಳು ಆಗಲೇ ಹೊಗೆಸೊಪ್ಪಿನ ಡಬ್ಬಿಯೊಳಗೆ ಇಳಿದಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಚಿಟಿಕೆ ತುಟಿಯಡಿ ಸೇರಿ ನನ್ನ ಬೆಳಗ್ಗಿನ ಕೆಲಸವೆಲ್ಲ ಹಾಳಾಗುತ್ತಿತ್ತು.

“ಇದು ಸಿಗರೇಟಲ್ಲ ಅಮ್ಮ.”

“ಈ ಊರಲ್ಲಿ ಎಲ್ರೂ ಅದೇ ಹೇಳ್ತಾರೆ. ಸೇದ್ತೀರಾ ಅಂದ್ರೆ ಇಲ್ಲ ಅಂತಾರೆ, ಮೇಲ್ತುಟಿ ಮಾತ್ರ ಊದಿರುತ್ತೆ. ಕೊನೇ ಸಲ ಯಾವಾಗ ಇಟ್ಕೊಂಡಿದ್ದು?”

“ನಿನ್ನೆ ಸಂಜೆ.”

“ಕಾಫಿ?”

ಅವನು ನನ್ನ ಮುಖವನ್ನೇ ನೋಡಿದ. ಇಪ್ಪತ್ತೇಳು ವರ್ಷದ ಹುಡುಗ, ಹಿಮಸಾರಂಗ ಕಾಯುವವನು, ಎಂಟು ದಿನದ ಗಡ್ಡ. “ನೀವು ಕೊಟ್ಟಿದ್ದೇ ಕೊನೆ. ಪೊಲೀಸ್ ಸ್ಟೇಷನ್ ಕಾಫಿ ಬಾಯಿಗಿಡೋಕಾಗಲ್ಲ,” ಎಂದ.

ತಮಾಷೆಗೇ ಹೇಳಿದನೇನೋ. ನನಗೆ ಮಾತ್ರ ಎದೆಗೆ ಚುಚ್ಚಿದಂತಾಯಿತು. ತಲೆ ತಗ್ಗಿಸಿ ದಿನಚರಿ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡೆ: ಹೊಗೆಸೊಪ್ಪು ನಿನ್ನೆ ಸಂಜೆ, ಕಾಫಿ ಹಿಂದಿನ ಶುಕ್ರವಾರ. ಮೂವತ್ತೊಂದು ವರ್ಷದಿಂದ ಈ ಆಸ್ಪತ್ರೆಯಲ್ಲಿ ಜನರ ಬೆರಳಿನ ರಕ್ತ ಅಳೆಯುತ್ತಿದ್ದೇನೆ. ಈ ಪುಸ್ತಕದಲ್ಲಿ ಒಂದೇ ಒಂದು ಸಾಲು ಖಾಲಿ ಬಿಟ್ಟಿದ್ದೆ, ಅದೇ ಈ ಹುಡುಗನ ಕೊರಳಿಗೆ ಉರುಳಾಗಿತ್ತು.

ವಾಲ್ಟರ್ ಬ್ರೆನ್‌ಸ್ಟ್ರೋಮ್ ರಾವ್ದು ಸರೋವರದ ಮಂಜುಗಡ್ಡೆ ಒಡೆದು ಮುಳುಗಿ ಸತ್ತು ಎಂಟು ದಿನವಾಗಿತ್ತು. ಸೋಮವಾರ ನೀಲಾಸ್‌ನ ಮೇಲೆ ಕೊಲೆಯ ಆರೋಪಪಟ್ಟಿ ಸಲ್ಲಿಕೆಯಾಗಲಿತ್ತು.

ಹುಡುಗ ಮೊದಲ ದಿನದಿಂದ ಹೇಳುತ್ತಿದ್ದುದು ಒಂದೇ ಮಾತು. ಮಂಜುಗಡ್ಡೆಯ ಮೇಲೆ ಬೋರಲು ಮಲಗಿ, ಕೈಗಳನ್ನು ಮೊಳಕೈವರೆಗೆ ನೀರಿಗಿಳಿಸಿ, ಕಾಲು ಗಂಟೆ ವಾಲ್ಟರ್‌ನನ್ನು ಎಳೆದೆ, ಆಗಲಿಲ್ಲ ಎಂದು. ದಡದಲ್ಲಿದ್ದ ಸ್ಟೂರೆ ಲಿಂಡ್ವಾಲ್, ವಾಲ್ಟರ್‌ನ ಮೀನು ಹಿಡಿಯುವ ಜೊತೆಗಾರ, ಬೇರೆಯೇ ಹೇಳಿದ. ನೀಲಾಸ್ ವಾಲ್ಟರ್‌ನನ್ನು ನೂಕಿದ, ಆಮೇಲೆ ಜೇಬಿಗೆ ಕೈ ಹಾಕಿಕೊಂಡು ನೋಡುತ್ತ ನಿಂತ, ಅಲ್ಲಿ ನಾವು ಮೂವರಲ್ಲದೆ ನರಪಿಳ್ಳೆಯೂ ಇರಲಿಲ್ಲ ಎಂದ. ವಾಲ್ಟರ್ ತನ್ನ ಹಿಮಬಂಡಿಯನ್ನು ಸಾರಂಗ ಮೇಯುವ ಜಾಗದಲ್ಲೇ ಓಡಿಸುತ್ತಾನೆಂದು ಇಬ್ಬರಿಗೂ ಹಳೇ ಜಗಳವಿದ್ದದ್ದು ಊರಿಗೇ ಗೊತ್ತು.

ಯಾರ ಮಾತು ನಿಜ? ಇನ್ಸ್‌ಪೆಕ್ಟರ್ ತೊರೇನ್ ಮಾರನೇ ಬೆಳಗ್ಗೆಯೇ ಹುಡುಗನನ್ನು ನನ್ನ ಬಳಿ ಕರೆತಂದರು. ಅಂಥ ನೀರಲ್ಲಿ ಅಷ್ಟು ಹೊತ್ತು ಇದ್ದ ಕೈಯಾದರೆ ಬೆರಳಿನ ಸಣ್ಣ ನಾಳಗಳು ಪೆಟ್ಟು ತಿಂದಿರಬೇಕು, ರಕ್ತ ಸರಿಯಾಗಿ ಹರಿಯಬಾರದು. ನಾನು ಅಳೆದೆ. ಎರಡೂ ಅಂಗೈ ಕೆಂಪಗೆ ತುಂಬಿ ಬಂದವು. ‘ಚಳಿಯ ಪೆಟ್ಟಿನ ಗುರುತಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆ ಒಂದು ಸಾಲಿನಿಂದ ನೀಲಾಸ್ ಸುಳ್ಳುಗಾರನಾದ.

ನನ್ನ ಯಂತ್ರ ಯಾರನ್ನೂ ಮುಟ್ಟುವುದಿಲ್ಲ. ಕೈಯಿಂದ ಒಂದೂವರೆ ಗೇಣು ಮೇಲೆ ನಿಂತು ಲೇಸರ್ ಬೆಳಕು ಚೆಲ್ಲುತ್ತದೆ, ಚರ್ಮದ ಮೇಲೆ ಆ ಬೆಳಕು ಪುಟ್ಟ ಪುಟ್ಟ ಚುಕ್ಕೆಗಳಾಗಿ ಕಾಣುತ್ತದೆ. ಅಡಿಯಲ್ಲಿ ರಕ್ತ ಓಡುತ್ತಿದ್ದರೆ ಚುಕ್ಕೆಗಳು ಕಲಸಿಹೋಗುತ್ತವೆ, ಇಲ್ಲದಿದ್ದರೆ ಹಾಗೇ ನಿಲ್ಲುತ್ತವೆ. ಕ್ಯಾಮೆರಾ ಅದನ್ನೇ ಪರದೆಯ ಮೇಲೆ ಬಣ್ಣವಾಗಿ ತೋರಿಸುತ್ತದೆ. ಹರಿವಿದ್ದಲ್ಲಿ ಕೆಂಪು, ಇಲ್ಲದಲ್ಲಿ ನೀಲಿ. ಆದರೆ ಆ ರಕ್ತವಿದೆಯಲ್ಲ, ಅದಕ್ಕೆ ಮಹಾ ಗರ್ವ. ಮಾತಾಡಿದರೆ ಬದಲಾಗುತ್ತದೆ, ಕಾಫಿ ಕುಡಿದರೆ ಬದಲಾಗುತ್ತದೆ, ಹೊಗೆಸೊಪ್ಪು ಇಟ್ಟರೆ ಮುದುಡಿಕೊಳ್ಳುತ್ತದೆ. ಅದಕ್ಕೇ ಇಪ್ಪತ್ತು ನಿಮಿಷ ಬೆಚ್ಚನೆ ಕೋಣೆಯಲ್ಲಿ ಬಾಯಿ ಮುಚ್ಚಿ ಕೂರಿಸಬೇಕು ಎನ್ನುವ ನಿಯಮ. ಗೋಡೆಗೆ ದಪ್ಪ ಅಕ್ಷರದಲ್ಲಿ ಆ ನಿಯಮ ಅಂಟಿಸಿದವಳು ನಾನೇ.

ನಿನ್ನೆ ಬೆಳಗ್ಗೆ ಸುಮ್ಮನೆ ಒಮ್ಮೆ ಹಳೇ ಚಿತ್ರ ತೆರೆದು ನೋಡಿದೆ. ಏಕೆ ನೋಡಿದೆನೋ, ಮನಸ್ಸು ತಡೆಯಲಿಲ್ಲ. ಹತ್ತು ಬೆರಳಲ್ಲಿ ಒಂಬತ್ತು ಕೆಂಪು. ಬಲಗೈಯ ಕಿರುಬೆರಳೊಂದು ಬುಡದಿಂದ ತುದಿವರೆಗೆ ಕಡುನೀಲಿ.

ನೀರಿನ ಚಳಿ ಹಾಗೆ ಬೆರಳು ಆರಿಸಿ ಕಚ್ಚುವುದಿಲ್ಲ. ಕಚ್ಚಿದರೆ ಎಲ್ಲವನ್ನೂ ಕಚ್ಚಬೇಕು, ಇಲ್ಲವೇ ಒಂದನ್ನೂ ಕಚ್ಚಬಾರದು. ಚಿತ್ರವನ್ನು ದೊಡ್ಡದು ಮಾಡಿದೆ. ಅಂಗೈಯ ಕೆಂಪಿಗೆ ಒಂದು ಅಂಚಿತ್ತು, ಬಾಗಿದ ನಯವಾದ ಅಂಚು. ಯಾವುದೋ ದುಂಡನೆಯ ವಸ್ತುವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ ಹಾಗೆ.

ಆಗ ನೆನಪಾಯಿತು. ಲೋಟ.

ಆ ಶುಕ್ರವಾರ ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು. ಹುಡುಗ ಇದೇ ಕುರ್ಚಿಯಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಶುಕ್ರವಾರವೆಂದರೆ ನನ್ನ ಒಡಹುಟ್ಟಿದ ಅಣ್ಣ ಎರ್ಲಾಂಡ್‌ನ ದಿನ. ಮರ ಕೊಯ್ಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಬಲಗೈಯ ಉಂಗುರದ ಬೆರಳನ್ನು ಅಲ್ಲೇ ಬಿಟ್ಟು ನಿವೃತ್ತನಾದವನು. ಆಸ್ಪತ್ರೆಯ ಕಾಫಿ ಪಾತ್ರೆ ತೊಳೆದ ನೀರು ಎಂದು ಬೈದು, ವಾರಕ್ಕೊಮ್ಮೆ ತಾನೇ ಕುದಿಸಿದ ಕಾಫಿ, ಏಲಕ್ಕಿ ಹಾಕಿದ ಬನ್ನು ಹೊತ್ತು ತರುತ್ತಾನೆ. ಗರಗಸ ಹಿಡಿದು ಹಿಡಿದು ಬೆರಳು ಬಿಳಿಚಿಕೊಳ್ಳುವ ಕಾಯಿಲೆ ಬೇರೆ ಅವನಿಗೆ. ಹತ್ತು ವರ್ಷದಿಂದ ಪ್ರತಿ ಅಕ್ಟೋಬರಿನಲ್ಲಿ ನನ್ನ ಯಂತ್ರದ ಕೆಳಗೆ ಕೈ ಇಡುತ್ತಾನೆ.

ಅಂದು ಬಾಗಿಲಲ್ಲಿ ನಿಂತು ಲೋಟಕ್ಕೆ ಬಗ್ಗಿಸಿ ನನ್ನ ಕೈಗಿತ್ತ. ನಾನು ತುಟಿಗಿಡಬೇಕು, ಅಷ್ಟರಲ್ಲಿ ಹುಡುಗನ ಕಡೆ ಕಣ್ಣು ಮಾಡಿ, “ಪಾಪ, ಮೊದ್ಲು ಅವನಿಗೆ ಕೊಡು,” ಎಂದ.

ನಮ್ಮ ಕಡೆ ನಡುಗುವವನ ಎದುರು ಕೂತು ಒಬ್ಬಳೇ ಕಾಫಿ ಕುಡಿಯುವವಳು ಇನ್ನೂ ಹುಟ್ಟಿಲ್ಲ. ಕೊಟ್ಟೆ. ಕುಡೀಬೇಡ, ಕೈ ಬೆಚ್ಚಗೆ ಮಾಡಿಕೋ ಎಂದು ಬುದ್ಧಿವಂತಿಕೆಯ ಮಾತು ಬೇರೆ ಆಡಿದೆ. ಹೊರಗೆ ಫೋನಿನಲ್ಲಿದ್ದ ಇನ್ಸ್‌ಪೆಕ್ಟರ್ ಅವಸರ ಮಾಡಿದರು, ಇಪ್ಪತ್ತು ನಿಮಿಷ ಏಳಾಯಿತು. ಬಿಸಿ ಲೋಟ ಮುಟ್ಟಿದ ಕಡೆಯೆಲ್ಲ ರಕ್ತ ಓಡಿ ಬಂದಿತ್ತು. ಹಿಂದೊಮ್ಮೆ ಹಗ್ಗ ಬೀಸಿ ಸಾರಂಗ ಹಿಡಿಯುವಾಗ ಅವನ ಕಿರುಬೆರಳು ಮುರಿದು ಸೆಟೆದುಕೊಂಡಿದೆ, ಮಡಿಸಲಾಗುವುದಿಲ್ಲ. ಅದೊಂದೇ ಲೋಟ ಮುಟ್ಟಲಿಲ್ಲ, ಅದೊಂದೇ ನಿಜ ಹೇಳಿತ್ತು. ನನ್ನ ಬುದ್ಧಿಗೆ ಏನು ಹೇಳಲಿ, ಒಂಬತ್ತು ಬೆರಳಿನ ಮಾತು ನಂಬಿ ಆ ಒಂದನ್ನು ಹಳೇ ಗಾಯ ಎಂದು ತಳ್ಳಿಹಾಕಿದ್ದೆ.

ನಿನ್ನೆಯೇ ತೊರೇನ್ ಅವರಿಗೆ ಫೋನ್ ಮಾಡಿದೆ. ಆಗಲಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಯಂತ್ರದ ಅಳತೆಯಲ್ಲಿ ಸಣ್ಣ ಅನುಮಾನವಿದೆ, ಇನ್ನೊಮ್ಮೆ ನೋಡೋಣ, ಈ ಸಲ ಕೋಳ ಹಾಕಿ ತರಬೇಡಿ, ಮಣಿಕಟ್ಟು ಒತ್ತುತ್ತದೆ ಎಂದೆ. ಲೋಟದ ಸುದ್ದಿ ಎತ್ತಲಿಲ್ಲ. ಮುಂದಿನ ವರ್ಷ ನಿವೃತ್ತಿ, ಈಗ ಯಾಕೆ ಹೆಸರು ಕೆಡಿಸಿಕೊಳ್ಳಲಿ, ಹುಡುಗ ಬಿಡುಗಡೆಯಾದರೆ ಸಾಕಲ್ಲ ಎಂದು ಮನಸ್ಸು ಸಮಾಧಾನ ಹೇಳಿತು. ನಾಚಿಕೆಯಾಗುತ್ತದೆ ಈಗ.

ಹೀಗೆ ಈ ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ನೀಲಾಸ್ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದ. ತೊರೇನ್ ಕಾರಿಡಾರಿನ ಬೆಂಚಿನಲ್ಲಿದ್ದರು. ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಕೋಣೆ ಬಿಸಿಯಾಗುತ್ತದೆ ಎಂದು ನಾನೇ ಆಚೆ ಕಳಿಸಿದ್ದೆ.

ಇಪ್ಪತ್ತು ನಿಮಿಷ. ಒಂದು ನಿಮಿಷವೂ ಕಡಿಮೆ ಮಾಡಲಿಲ್ಲ. ಹುಡುಗ ಬಾಗಿಲ ಕಡೆ ಆಗಾಗ ನೋಡುತ್ತಿದ್ದ. ಅಂಗಿಯ ತೋಳು ಮೊಳಕೈವರೆಗೆ ಮಡಿಸಲು ಹೇಳಿದೆ. ಕಳೆದ ಸಲ ಬೆರಳು, ಅಂಗೈ ಅಷ್ಟೇ ನೋಡಿದ್ದೆ, ಪೊಲೀಸರು ಕೇಳಿದ್ದು ಅಷ್ಟೇ. ಈ ಸಲ ಪೂರ್ತಿ ನೋಡೋಣ ಎನ್ನಿಸಿತು.

ಬೆಳಕು ಚೆಲ್ಲಿತು. ಪರದೆಯ ಮೇಲೆ ಎರಡು ಕೈ ಮೂಡಿದವು.

ನೀಲಿ. ಹತ್ತೂ ಬೆರಳು ನೀಲಿ. ಅಲ್ಲಲ್ಲಿ ಚೇತರಿಸಿಕೊಳ್ಳುತ್ತಿರುವ ಕೆಂಪು ಹನಿಗಳು, ಅಷ್ಟೇ. ನೀರಿಗಿಳಿದ ಕೈ ಇದು, ಅನುಮಾನವೇ ಇಲ್ಲ.

ಕಣ್ಣು ತುಂಬಿ ಬಂತು. “ನಿನ್ನ ಕೈ ನೀರಲ್ಲಿತ್ತು ಕಣಪ್ಪ. ನಾನೇ ತಪ್ಪು ಬರೆದಿದ್ದೆ,” ಎಂದೆ.

ಅವನು ತಲೆಯಾಡಿಸಿದ. ಸಂತೋಷವೇನೂ ಕಾಣಲಿಲ್ಲ. ಅಂಗಿಯ ತೋಳು ಕೆಳಗಿಳಿಸಿಕೊಳ್ಳಲು ಹೊರಟ. ಆ ಅವಸರ ನನಗೆ ಹಿಡಿಸಲಿಲ್ಲ.

“ತಾಳು. ಮಗುಚು ಕೈನ.”

ಬಲ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಕೆಂಪು ಕಲೆ ಮೊದಲೇ ಕಂಡಿತ್ತು. ಕೈ ಮಗುಚಿದಾಗ ಹೊರಬದಿಯಲ್ಲಿ ಇನ್ನೂ ಮೂರು. ಕಣ್ಣಿಗೆ ಸೊಳ್ಳೆ ಕಚ್ಚಿ ವಾಸಿಯಾದ ಹಾಗೆ ಮಸುಕು ಮಸುಕು. ಲೇಸರಿಗೆ ಮಾತ್ರ ಚೊಕ್ಕವಾಗಿ ಕಂಡವು, ಗಾಯ ಮಾಯುವ ಜಾಗಕ್ಕೆ ರಕ್ತ ಇನ್ನೂ ಓಡಿ ಬರುತ್ತಿತ್ತಲ್ಲ. ನಾಲ್ಕೂ ಚಂದ್ರನ ಚೂರಿನಂತೆ ಬಾಗಿದ್ದವು.

ಉಗುರು. ಯಾರೋ ಬರಿಗೈಯಲ್ಲಿ ಈ ಮಣಿಕಟ್ಟನ್ನು ಬಲವಾಗಿ ಹಿಡಿದಿದ್ದರು.

ವಾಲ್ಟರ್ ಅಲ್ಲ. ಅವನ ಹೆಣ ಮೇಲೆತ್ತಿದಾಗ ಎರಡೂ ಕೈಗೆ ದಾರ ಕಟ್ಟಿದ ಚರ್ಮದ ಗವಸು ಇತ್ತು, ತೊರೇನ್ ಅವರೇ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಸ್ಟೂರೆ ದಡದಲ್ಲಿದ್ದ, ಅದನ್ನು ನೀಲಾಸ್ ಕೂಡ ಒಪ್ಪಿಕೊಂಡಿದ್ದ. ಹಾಗಾದರೆ ಮಂಜುಗಡ್ಡೆಯ ಮೇಲೆ ನಾಲ್ಕನೆಯವರು ಒಬ್ಬರಿದ್ದರು.

ಮತ್ತೊಮ್ಮೆ ನೋಡಿದೆ. ಒಳಬದಿಯದು ಹೆಬ್ಬೆರಳು, ಸರಿ. ಹೊರಬದಿಯಲ್ಲಿ ನಾಲ್ಕಿರಬೇಕು, ಮೂರೇ ಇವೆ. ಎರಡು ಒತ್ತೊತ್ತಾಗಿ, ಆಮೇಲೆ ಖಾಲಿ, ಆಮೇಲೆ ಒಂದು.

ಆ ಖಾಲಿ ಜಾಗವನ್ನು ನಾನು ಹತ್ತು ವರ್ಷದಿಂದ ಇದೇ ಪರದೆಯ ಮೇಲೆ ನೋಡಿದ್ದೆ.

“ಇದು ಯಾರ ಕೈ?” ಎಂದೆ.

“ನೀವು ಬೆರಳು ನೋಡೋಕೆ ಕರೆಸಿದ್ರಿ. ಬೆರಳು ನೋಡಾಯ್ತಲ್ಲ ಅಮ್ಮ. ಅಷ್ಟು ಬರೀರಿ. ನಂಗೆ ಅಷ್ಟೇ ಸಾಕು.”

“ನಂಗೆ ಸಾಕಾಗಲ್ಲ.”

ಅವನು ನೆಲ ನೋಡುತ್ತ, ತಡೆದು ತಡೆದು ಹೇಳಿದ. ವಾಲ್ಟರ್‌ನ ತೋಳು ಅವನ ಹಿಡಿತಕ್ಕೆ ಸಿಕ್ಕಿತ್ತಂತೆ. ಇನ್ನೊಂದು ಸಲ ಎಳೆದಿದ್ದರೆ ಎದೆಯವರೆಗೆ ಮೇಲೆ ಬರುತ್ತಿದ್ದನಂತೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಮಣಿಕಟ್ಟು ಹಿಡಿದು ಎಳೆದರು.

“‘ಬಿಡು, ನೀನೂ ಹೋಗ್ತೀಯ’ ಅಂದ್ರು. ನನ್ನ ಉಳಿಸ್ತಿದ್ದಾರೆ ಅಂದ್ಕೊಂಡೆ. ಕೊಸರಿಕೊಂಡು ಮತ್ತೆ ಹೋಗೋಕೆ ನೋಡ್ದೆ, ಬಿಡ್ಲಿಲ್ಲ. ವಾಲ್ಟರ್ ಕೂಗ್ತಾನೇ ಇದ್ದ. ಕೂಗು ನಿಲ್ಲೋವರ್ಗೂ ಬಿಡ್ಲಿಲ್ಲ.”

“ಮುಖ?”

“ಟೋಪಿ, ಮಫ್ಲರ್. ಕಣ್ಣೊಂದು ಬಿಟ್ರೆ ಬೇರೇನೂ ಕಾಣಲಿಲ್ಲ. ಕೈ ಮಾತ್ರ ನೋಡ್ದೆ.”

“ಆ ಕೈನ ಆಮೇಲೆ ಎಲ್ಲಾದ್ರೂ ನೋಡಿದ್ಯಾ?”

ಅವನು ಮುಚ್ಚಿದ ಬಾಗಿಲ ಕಡೆ ನೋಡಿದ. “ಮಾರನೇ ದಿನ ಬೆಳಗ್ಗೆ. ಅಲ್ಲಿ. ಫ್ಲಾಸ್ಕ್ ಹಿಡ್ಕೊಂಡಿತ್ತು.”

ಚಳಿಗೆ ನಡುಗುತ್ತಿದ್ದಾನೆ ಎಂದುಕೊಂಡಿದ್ದೆ ನಾನು.

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

“ಮೊದಲ ರಾತ್ರಿ, ನನ್ನ ಉಳಿಸಿದವರನ್ನ ಯಾಕೆ ಸಿಕ್ಕಿಸಲಿ ಅಂದ್ಕೊಂಡೆ. ಬೆಳಗ್ಗೆ ನೋಡಿದ್ರೆ ನೀವು ಅವರನ್ನ ಅಣ್ಣ ಅಂದ್ರಿ. ನಂಗೆ ಕಂಬಳಿ ಹೊದಿಸಿದ್ರಿ, ನಿಮ್ಮ ಪಾಲಿನ ಕಾಫಿ ಕೊಟ್ರಿ. ನನ್ನ ಕೈ ನೀರಲ್ಲಿತ್ತು ಅಂತ ನಿಮ್ಮ ಮಿಷನ್ನೇ ಹೇಳುತ್ತೆ, ನಾನು ಯಾರ ಹೆಸರೂ ಎತ್ತೋದು ಬೇಡ ಅಂದ್ಕೊಂಡೆ. ಮಧ್ಯಾಹ್ನ ರಿಪೋರ್ಟ್ ಬಂತು. ಆಮೇಲೆ ಹೇಳಿದ್ರೆ, ಸಿಟ್ಟಿಗೆ ಅವಳ ಅಣ್ಣನ ಹೆಸರು ಹೇಳ್ತಿದ್ದಾನೆ ಅನ್ನಲ್ವಾ?”

ಅನ್ನುತ್ತಿದ್ದರು. ನಾನೇ ಮೊದಲು ಅನ್ನುತ್ತಿದ್ದೆ.

ಅಮ್ಮ ಸತ್ತ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಕೈ ಅದು. ಆಗ ಐದೂ ಬೆರಳಿದ್ದವು. ವಾಲ್ಟರ್ ಮುಳುಗಿದ ಆ ಗುರುವಾರ ಸಂಜೆ ಅಣ್ಣ ಮನೆಗೆ ಬಂದು, ದಿನವೆಲ್ಲ ಬಲೆ ಸರಿಮಾಡುತ್ತ ಕೂತಿದ್ದೆ ಎಂದಿದ್ದ. ನಾನು ಕೇಳಿರಲಿಲ್ಲ, ತಾನಾಗಿಯೇ ಹೇಳಿದ್ದ. ವಾಲ್ಟರ್‌ನ ಮೇಲೆ ಅವನಿಗೆ ಏನು ಹಗೆ, ಸ್ಟೂರೆ ಏಕೆ ಅವನನ್ನು ಮರೆಸಿದ, ನನಗೆ ಹೊಳೆಯಲಿಲ್ಲ.

ಇನ್ನೊಂದು ಮಾತು ಮೆಲ್ಲಗೆ ತಲೆಗೆ ಹತ್ತಿತು. ಅಳತೆಗೆ ಮುಂಚೆ ಬಿಸಿ ಲೋಟ ಮುಟ್ಟಬಾರದು ಎಂದು ಈ ಊರಲ್ಲಿ ನನ್ನಷ್ಟೇ ಚೆನ್ನಾಗಿ ತಿಳಿದವನು ಇನ್ನೊಬ್ಬನೇ. ಹತ್ತು ಅಕ್ಟೋಬರ್ ಈ ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ದಪ್ಪ ಅಕ್ಷರ ಓದಿ, ಕಾಫಿ ಇಲ್ಲದೆ ಜೀವ ಹೋಗುತ್ತೆ ಕಣೇ ಎಂದು ಗೊಣಗಿದವನು. ಅಂದು ಲೋಟ ಹುಡುಗನಿಗೆ ಕೊಡಬೇಕೆಂದು ಹೊಳೆದದ್ದು ನನಗಲ್ಲ. ನಿನ್ನೆಯಿಂದ ನನ್ನ ಕರುಣೆಯನ್ನೇ ಬೈದುಕೊಳ್ಳುತ್ತಿದ್ದೆ, ಅದು ನನ್ನದಾಗಿರಲೇ ಇಲ್ಲ.

ಬಾಗಿಲು ತಟ್ಟಿದರು. ತೊರೇನ್ ತಲೆ ಒಳಗೆ ಹಾಕಿ, ಮುಗಿಯಿತೇ ಎಂದು ಕೇಳಿದರು. ನಿಮ್ಮಣ್ಣ ಬಂದಿದ್ದಾರೆ, ಪುಣ್ಯಾತ್ಮ ನನಗೂ ಒಂದು ಬನ್ನು ಕೊಟ್ಟರು ಎಂದರು.

ಅವರ ಹಿಂದೆ ಎರ್ಲಾಂಡ್ ನಿಂತಿದ್ದ. ಗಡ್ಡದ ಮೇಲೆ ಇನ್ನೂ ಕರಗದ ಮಂಜು. ಎಡಗೈಯಲ್ಲಿ ಫ್ಲಾಸ್ಕು, ಬಲಗೈಯಲ್ಲಿ ಹಬೆಯಾಡುವ ಲೋಟ. ನನ್ನ ಕಡೆ ಚಾಚಿದ.

“ಪಾಪ, ಮೊದ್ಲು ಅವನಿಗೆ ಕೊಡು.”

ನೀಲಾಸ್‌ನ ಕೈ ಇನ್ನೂ ಲೇಸರಿನ ಕೆಳಗೇ ಇತ್ತು. ಪರದೆಯ ಮೇಲೆ ಉಳಿದಿದ್ದ ನಾಲ್ಕಾರು ಕೆಂಪು ಹನಿಗಳು ಎರಡು ಉಸಿರಿನಲ್ಲಿ ನೀಲಿಗೆ ತಿರುಗಿದವು. ಹೆದರಿದ ಮೈ ಬೆರಳಿನಿಂದ ರಕ್ತವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅದು ನನಗೆ ಗೊತ್ತಿದ್ದ ಸಂಗತಿಯೇ.

ನಾನು ಲೋಟ ಇಸಿದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟೆ.

“ಅಣ್ಣ, ಒಳಗೆ ಬಾ. ಇವನು ಎದ್ಮೇಲೆ ಆ ಕುರ್ಚಿಯಲ್ಲಿ ಕೂತ್ಕೋ.”

“ನಂದು ಅಕ್ಟೋಬರ್‌ನಲ್ಲೇ ಆಯ್ತಲ್ಲೇ.”

“ಇನ್ನೊಂದ್ಸಲ ನೋಡ್ಬೇಕು.”

ಅವನು ನಗುತ್ತಲೇ ಪರದೆಯ ಕಡೆ ತಿರುಗಿದ. ಇದು ಓದುವುದನ್ನು ಅವನಿಗೆ ಕಲಿಸಿದವಳೂ ನಾನೇ. ಪ್ರತಿ ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ಇದು ರಕ್ತ ಅಣ್ಣ, ಇದು ನಿನ್ನ ಬೆರಳಿಲ್ಲದ ಜಾಗ ಎಂದು ತೋರಿಸಿದ್ದೆ. ಅವನ ಕಣ್ಣು ಮಣಿಕಟ್ಟಿನ ಮೇಲೆ ನಿಂತಿತು. ಎರಡು, ಖಾಲಿ, ಒಂದು. ನಗು ಹೋಯಿತು. ಬಲಗೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಸೇರಿಸಿದ.

“ಬರೀತೀಯಾ ಇದನ್ನ?” ಎಂದ. ಕೋಪದ ದನಿಯಲ್ಲ. ಚಿಕ್ಕಂದಿನಲ್ಲಿ ಅಪ್ಪನಿಗೆ ಹೇಳ್ತೀಯಾ ಎಂದು ಕೇಳುತ್ತಿದ್ದನಲ್ಲ, ಅದೇ ದನಿ.

ಆಗೆಲ್ಲ ನಾನು ಇಲ್ಲ ಎಂದೇ ಹೇಳುತ್ತಿದ್ದೆ. ನೀಲಾಸ್ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಸೆಟೆದ ಕಿರುಬೆರಳನ್ನು ನೋಡುತ್ತಿದ್ದ.

“ಬರೀತೀನಿ ಅಣ್ಣ.”

“ಬರಿ. ಹಂಗೇ ಹೋದ ಶುಕ್ರವಾರದ ಹಾಳೇನೂ ತೆಗಿ. ಲೋಟ ಆ ಹುಡುಗನ ಕೈಗೆ ಇಟ್ಟಿದ್ದು ಯಾರು ಅಂತ ಸಾಹೇಬರಿಗೆ ಓದಿ ಹೇಳು. ನಾನಂತೂ ಈ ಹೊಸ್ತಿಲು ದಾಟಿಲ್ಲ.”

ದಿನಚರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ತೊರೇನ್ ಕೈಯಲ್ಲಿದ್ದ ಅರ್ಧ ಬನ್ನನ್ನು ಕೆಳಗಿಟ್ಟರು. ಅಣ್ಣನನ್ನು ನೋಡಿದರು, ಹುಡುಗನನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

“ಯಾವ ಲೋಟ?” ಎಂದರು.